ತೊಂದರೆ ಇದ್ದರೆ ಮನೆಗೆ ಬನ್ನಿ

ಎಲ್ಲಕ್ಕೂ ಮೂಲ, ಭಾನುವಾರ ಕರೆಂಟು ಉಳಿಸಿ ಎಂದು ಕಟ್ಟಡದಲ್ಲಿ ಹಂಚಿದ ಕರಪತ್ರದ ಅಡಿಯಲ್ಲಿ ಉಳಿದುಹೋದ ಎರಡು ಬೆರಳಗಲದ ಜಾಗ. ಖಾಲಿ ಬಿಟ್ಟರೆ ಕಾಗದ ದಂಡವಾಗುತ್ತದೆಂದು ಸ್ವಿಚ್ಚಪ್ಪ ಅಲ್ಲೊಂದು ಸಾಲು ಸೇರಿಸಿದ: 'ಏನೇ ತೊಂದರೆ ಇದ್ದರೂ ಎರಡನೇ ಮಹಡಿಯ ನಮ್ಮ ಮನೆಗೆ ಬನ್ನಿ.'

ಸ್ವಿಚ್ಚಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಯಾರ ಮನೆಗೆ ಹೋದರೂ ಕೂರುವ ಮೊದಲು ಒಂದು ಸ್ವಿಚ್ಚು ಆರಿಸುತ್ತಿದ್ದನಾದ್ದರಿಂದ ಕಟ್ಟಡದವರು ಕೊಟ್ಟ ಬಿರುದು. ಅವನು ಮಿತಬಳಕೆ ಸಂಘದ ನೌಕರ. ವಿದ್ಯುತ್ ಕಚೇರಿ ಹೇಳಿದ್ದನ್ನು ಜನ ಕೇಳುವುದಿಲ್ಲ, ಜನ ಹೇಳಿದ್ದನ್ನು ಕಚೇರಿ ಕೇಳುವುದಿಲ್ಲ. ಇಬ್ಬರ ನಡುವೆ ನಿಂತು, ಕರೆಂಟು ಕಮ್ಮಿ ಬಳಸಿ ಎಂದು ಮನವೊಲಿಸಿ, ಇಬ್ಬರಿಂದಲೂ ಬೈಸಿಕೊಳ್ಳುವುದಕ್ಕೆಂದೇ ಹುಟ್ಟಿದ ಸಂಘ ಅದು. ಅಲ್ಲಿ ಅವನು ಆರು ವರ್ಷದಿಂದ ಹಂಗಾಮಿ. ಈಗ ಒಂದು ಖಾಯಂ ಹುದ್ದೆ ಬಂದಿತ್ತು. ಅಧ್ಯಕ್ಷರು ಅದಕ್ಕೊಂದು ಪರೀಕ್ಷೆ ಒಡ್ಡಿದ್ದರು. ಅವನು ವಾಸವಿರುವ ಹನ್ನೆರಡು ಮನೆಗಳ ಕಟ್ಟಡದಲ್ಲಿ, ಈ ಭಾನುವಾರ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ, ಹೋದ ಭಾನುವಾರಕ್ಕಿಂತ ಐದರಲ್ಲೊಂದು ಪಾಲು ಕರೆಂಟು ಕಮ್ಮಿಯಾಗಬೇಕು. ಆದರೆ ಖಾಯಂ. ಆಗದಿದ್ದರೆ ಹಂಗಾಮಿಯೂ ಇಲ್ಲ.

ಹುದ್ದೆಗೆ ಪೈಪೋಟಿ ಇರಲಿಲ್ಲ. ಸಂಘದಲ್ಲಿ ತನಗೂ ಒಂದು ಕುರ್ಚಿ ಕೊಡಿಸಿ ಎಂದು ಹೆಂಡತಿಯ ತಮ್ಮ ವರ್ಷಗಟ್ಟಲೆ ಬೆನ್ನು ಬಿದ್ದಿದ್ದ, ನಿಜ. ಮುಖ ಮುರಿದು ಇಲ್ಲವೆನ್ನಲಾರದೆ ಸ್ವಿಚ್ಚಪ್ಪ ಅಧ್ಯಕ್ಷರ ಕೈಕಾಲು ಹಿಡಿದು ನಿಯಮಾವಳಿಯಲ್ಲೇ ಬರೆಸಿಬಿಟ್ಟಿದ್ದ: ಒಂದು ಕುಟುಂಬಕ್ಕೆ, ಹೆಂಡತಿಯ ಕಡೆಯವರೂ ಸೇರಿ, ಒಂದೇ ಕೆಲಸ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಭಾವಮೈದುನ ಮಾತ್ರ ದೂರವಾದ.

ಭಾನುವಾರ ಬೆಳಗ್ಗೆ ಹೆಂಡತಿಗೆ ಹೇಳಿ ಹೊರಟ. "ಬಂದವರಿಗೆ ಇಲ್ಲ ಅನ್ನಬೇಡ. ತೊಂದರೆ ಏನು ಅಂತ ಕೇಳು, ಪರಿಹಾರ ಕೊಡು."

"ಯಾವ ಪರಿಹಾರ ಕೊಡ್ಲಿ?"

"ನಿಂಗೆ ತೋಚಿದ್ದು. ಇವತ್ತು ಯಾರ ಮುಖಾನೂ ಸಪ್ಪಗಾಗಬಾರದು, ಅಷ್ಟೇ."

ಕಟ್ಟಡದ ಶಿಸ್ತಿನ ಭಾರ ಟೀಚರಮ್ಮನದು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಆಕೆ ಬಾಗಿಲು ತಟ್ಟಿದರೆ ದೊಡ್ಡವರೂ ಕೈಕಟ್ಟಿ ನಿಲ್ಲುತ್ತಿದ್ದರು. ಎಂಟು ಹೊಡೆದದ್ದೇ ತಡ, ಆಕೆ ಲಿಫ್ಟಿನ ಮೇನ್ ಆರಿಸಿದಳು. ಒಳಗೆ ನೆಲಮಹಡಿಯ ದರ್ಜಿ ಎರಡು ಮೂಟೆ ಬಟ್ಟೆಯ ಸಮೇತ ಒಂದಕ್ಕೂ ಎರಡಕ್ಕೂ ನಡುವೆ ತ್ರಿಶಂಕುವಾದ. ಅರ್ಧ ಮಹಡಿಗೆ ಸಾಲುವಷ್ಟಾದರೂ ಕರೆಂಟು ಕೊಡಿ ಎಂದು ಸ್ವಿಚ್ಚಪ್ಪ ಗೋಗರೆದ. ಎಂಟಕ್ಕೆ ಎಂದರೆ ಎಂಟಕ್ಕೆ, ಅವನು ಐದು ನಿಮಿಷ ಮುಂಚೆ ಹೊರಡಬೇಕಿತ್ತು ಎಂದಳು ಟೀಚರಮ್ಮ. ಕಾಲು ಗಂಟೆಯ ವಾದದ ಮೇಲೆ, ಕಾಲು ನಿಮಿಷಕ್ಕೆ ಲಿಫ್ಟು ಬಿಟ್ಟಳು.

ದರ್ಜಿ ಹೊರಬಿದ್ದದ್ದು ಕುಕ್ಕರಿನ ಹಬೆಯಂತೆ. ನಾಳೆ ಬೆಳಗ್ಗೆ ಶಾಲೆಗೆ ನಲವತ್ತು ಸಮವಸ್ತ್ರ ಕೊಡಬೇಕಿತ್ತು.

"ಇಸ್ತ್ರಿ ಹಾಕಬೇಡ ಅಂದ್ರೆ ಸುಕ್ಕು ಹೆಂಗ್ ಬಿಡಿಸ್ಲಿ ಸಾರ್? ನಾಲಗೇಲಿ ನೆಕ್ಲಾ?"

"ನಮ್ಮನೆಗೆ ಹೋಗಪ್ಪ. ನಮ್ಮಾಕೆ ಏನಾದ್ರೂ ದಾರಿ ಹೇಳ್ತಾಳೆ."

ದರ್ಜಿ ಮೂಟೆ ಹೊತ್ತು ಒಳಗೆ ಹೋದವನು ಮತ್ತೆ ಜಗಳಕ್ಕೆ ಬರಲಿಲ್ಲ. ಅವನ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಮೆಟ್ಟಿಲು ಹತ್ತಿಳಿಯುವಾಗಲೆಲ್ಲ ತನ್ನ ಮನೆಯ ಬಾಗಿಲಲ್ಲಿ ಚಪ್ಪಲಿ ಹೆಚ್ಚುತ್ತಿರುವುದನ್ನು ಕಂಡು ಸ್ವಿಚ್ಚಪ್ಪನಿಗೆ ಕಣ್ಣು ತುಂಬಿ ಬಂತು. ಆರು ವರ್ಷ ತಾನು ಕೊಟ್ಟ ಬುದ್ಧಿಮಾತು ಯಾರಿಗೂ ಬೇಡವಾಗಿತ್ತು. ಹೆಂಡತಿ ಕೊಟ್ಟರೆ ಜನ ಸಾಲುಗಟ್ಟುತ್ತಾರೆ.

ಹನ್ನೊಂದಕ್ಕೆ ಎಲ್ಲಿಂದಲೋ ಮಿಕ್ಸಿಯ ಸದ್ದು ಕೇಳಿಸಿತು. ಸ್ವಿಚ್ಚಪ್ಪನ ಕೂದಲು ನಿಮಿರಿತು. ಯಾವ ದ್ರೋಹಿ? ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವನಂತೆ, ತನ್ನದೊಂದು ಬಿಟ್ಟು ಹನ್ನೊಂದು ಬಾಗಿಲಿಗೂ ಕಿವಿ ಹಚ್ಚಿದ. ಹತ್ತು ಮನೆಗಳಿಗೆ ಬೀಗ. ಹನ್ನೊಂದನೆಯದರ ಬಾಗಿಲು ಬರಿದೇ ಮುಚ್ಚಿತ್ತು. ಕಿವಿ ಒತ್ತಿದ ರಭಸಕ್ಕೆ ಅದು ತೆರೆದುಕೊಳ್ಳಲು, ಸ್ವಿಚ್ಚಪ್ಪ ನೇರವಾಗಿ ಒಳಗೆ, ಸ್ನಾನ ಮುಗಿಸಿ ಟವೆಲಿನಲ್ಲಿ ನಿಂತಿದ್ದ ಅಜ್ಜನ ಪಾದಕ್ಕೆ ಬಿದ್ದ. ಎದ್ದವನು ರೂಢಿಯಂತೆ ಸ್ನಾನದ ಮನೆಯ ದೀಪ ಆರಿಸಿಯೇ ಹೊರಬಂದ. ಅಜ್ಜ ಮಾತ್ರ, ಇವನು ಬಂದದ್ದು ದೀಪಕ್ಕೋ ಟವೆಲಿಗೋ ಎಂದು ಟೀಚರಮ್ಮನ ಹತ್ತಿರ ದೂರು ಕೊಟ್ಟ.

ಮೂರಕ್ಕೆ ಪಂದ್ಯದ ಗದ್ದಲ. ಯಾರದೋ ಟೀವಿ, ಅದರ ಮೇಲೆ ಐವತ್ತು ಜನರ ಕೂಗು. ಇದು ಪಕ್ಕದ ಕಟ್ಟಡದ್ದೇ ಇರಬೇಕೆಂದು ಖಾತ್ರಿ ಮಾಡಿಕೊಳ್ಳಲು ಸ್ವಿಚ್ಚಪ್ಪ ತಾರಸಿಗೆ ಹೋದ. ಅಷ್ಟರಲ್ಲಿ, ಆರಿಸಲು ಏನೂ ಉಳಿಯದೆ ಬೇಸರಗೊಂಡಿದ್ದ ಟೀಚರಮ್ಮ ತಾರಸಿಯ ಬಾಗಿಲಿಗೆ ಬೀಗ ಜಡಿದಳು. ಫೋನು ಚಾರ್ಜಿಗೆ ಹಾಕಿದರೆ ಕರೆಂಟು ದಂಡವೆಂದು ಅವನೇ ಬೆಳಗಿನಿಂದ ಹಾಗೇ ಬಿಟ್ಟಿದ್ದ. ಅದು ಮಧ್ಯಾಹ್ನವೇ ಕಣ್ಣು ಮುಚ್ಚಿತ್ತು. ಎರಡು ಗಂಟೆ ಬಿಸಿಲಿನಲ್ಲಿ ಹಪ್ಪಳವಾದವನಿಗೆ ಬಾಗಿಲು ತೆರೆದದ್ದು ಅಧ್ಯಕ್ಷರು ಬಂದ ಮೇಲೆಯೇ.

ಅಧ್ಯಕ್ಷರ ಜೊತೆ ಕಚೇರಿಯ ಮೀಟರ್ ಓದುವವನೂ ಬಂದಿದ್ದ. ಮೆಟ್ಟಿಲ ಕೆಳಗೆ, ಲಿಫ್ಟಿನದೂ ಸೇರಿ ಹದಿಮೂರು ಮೀಟರ್. ಹನ್ನೆರಡು ಉಂಡು ಮಲಗಿದಂತಿದ್ದವು. ಒಂದರ ಚಕ್ರ ಮಾತ್ರ ಗಾಣದಂತೆ ತಿರುಗುತ್ತಿತ್ತು.

"ಇದು ಯಾರದು?" ಎಂದರು ಅಧ್ಯಕ್ಷರು.

ಸ್ವಿಚ್ಚಪ್ಪ ನಂಬರು ನೋಡಿದ. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದ. ದೀಪದ ಬುಡದಲ್ಲೇ ಕತ್ತಲು.

ಮೇಲೆ ಅವನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಬಳಿ ದರ್ಜಿ ಮೂವತ್ತೊಂಬತ್ತನೇ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ವಾಷಿಂಗ್ ಮಷೀನಿನಲ್ಲಿ ಮೂರು ಮನೆಗಳ ಚಾದರ. ಫ್ರಿಜ್ಜು ಹನ್ನೆರಡು ಮನೆಗಳ ಹಾಲು, ತರಕಾರಿಗೆ ಬಸುರಿಯಂತೆ ಉಬ್ಬಿ, ಬಾಗಿಲಿಗೆ ಹಗ್ಗ ಕಟ್ಟಿಸಿಕೊಂಡಿತ್ತು. ಒಂದೇ ಫ್ಯಾನಿನಡಿ ಇಡೀ ಕಟ್ಟಡ ಪಂದ್ಯ ನೋಡುತ್ತಿತ್ತು. ಟವೆಲಿನ ಅಜ್ಜನೂ ಷರಟು ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿದ್ದ. ನಡುವೆ ಅವನ ಹೆಂಡತಿ, ಕರಪತ್ರದ ಹಿಂಬದಿಯಲ್ಲಿ ಬರೆದುಕೊಂಡ ಸರದಿ ಓದಿ, ಈಗ ಮಿಕ್ಸಿ ಯಾರದು ಎಂದು ಕೇಳುತ್ತಿದ್ದಳು.

"ನೀವೇ ತಾನೇ ಅಂದಿದ್ದು," ಎಂದಳು ಗಂಡನ ಮುಖ ನೋಡಿ. "ಯಾರಿಗೂ ಇಲ್ಲ ಅನ್ನಬೇಡ ಅಂತ."

ಸ್ವಿಚ್ಚಪ್ಪ ಗೋಡೆಯ ಪ್ಲಗ್ಗುಗಳನ್ನು ಒಂದೊಂದಾಗಿ ಎಣಿಸಿದ. ಆರು ವರ್ಷದ ನೌಕರಿ ತನ್ನ ಮನೆಯ ಪ್ಲಗ್ಗಿನಲ್ಲೇ ಸೋರಿಹೋಯಿತಲ್ಲ. ಅಷ್ಟರಲ್ಲಿ ಮೀಟರಿನವನು ಕೂಡಿ ಕಳೆದು, ನಂಬದೆ ಮತ್ತೆ ಕೂಡಿ, ಚೀಟಿಯನ್ನು ಅಧ್ಯಕ್ಷರ ಕೈಗಿತ್ತ. ಒಟ್ಟು ಖರ್ಚು ಐದರಲ್ಲೊಂದು ಪಾಲಲ್ಲ, ಮೂರರಲ್ಲೊಂದು ಪಾಲು ಇಳಿದಿತ್ತು. ಹನ್ನೆರಡು ಟೀವಿಯ ಬದಲು ಒಂದು, ಹನ್ನೆರಡು ಫ್ರಿಜ್ಜಿನ ಬದಲು ಒಂದು, ಹತ್ತಾರು ಫ್ಯಾನಿನ ಬದಲು ಒಂದು.

ಅಧ್ಯಕ್ಷರು ಚೀಟಿ ಮಡಿಸಿ ಆ ಫ್ಯಾನಿನ ಕಡೆ ತೋರಿಸಿದರು. "ಕಚೇರಿಗೂ ಜನಕ್ಕೂ ನಡುವೆ ನಿಂತು ಭಾಷಣ ಮಾಡಿದ್ದೇ ಆಯ್ತು. ಮನೆಗೂ ಮನೆಗೂ ನಡುವೆ ನಿಲ್ಲಬೇಕು ಅಂತ ನಮಗೆ ಹೊಳೀಲೇ ಇಲ್ಲ. ಈ ಏರ್ಪಾಡು ಯಾರದು?"

ಸ್ವಿಚ್ಚಪ್ಪ ವಿನಯದಿಂದ ಗಂಟಲು ಸರಿಮಾಡಿಕೊಂಡ. ಅದಕ್ಕೆ ಮುಂಚೆಯೇ ಹನ್ನೊಂದು ಮನೆಗಳ ಬೆರಳು ಅವನ ಹೆಂಡತಿಯ ಕಡೆ ತಿರುಗಿತು. ಅಧ್ಯಕ್ಷರು ಖಾಯಂ ಹುದ್ದೆಯನ್ನು ಅಲ್ಲೇ ಆಕೆಗೆ ಕೊಟ್ಟರು. ಟೀಚರಮ್ಮ ಚಪ್ಪಾಳೆ ಶುರುಮಾಡಿದಳು.

ಸ್ವಿಚ್ಚಪ್ಪನಿಗೂ ಎದೆ ಉಬ್ಬಿತು. ಇವಳು ಖಾಯಂ, ತಾನು ಹಂಗಾಮಿ. ಮನೆಗೆ ಎರಡು ಕೆಲಸ. ಎರಡು ಎಂಬ ಮಾತು ಅಧ್ಯಕ್ಷರಿಗೂ ಹೊಳೆದಿರಬೇಕು, ಜೇಬಿನಿಂದ ನಿಯಮಾವಳಿ ಹೊರಬಂತು.

"ಒಂದು ಕುಟುಂಬಕ್ಕೆ ಒಂದೇ ಕೆಲಸ. ಇದನ್ನ ಬರೆಸಿದ್ದು ನೀವೇ, ಮರೆತಿಲ್ಲ ತಾನೇ?"

ಮರೆತಿರಲಿಲ್ಲ. ಹೆಂಡತಿಯ ತಮ್ಮನಿಗೆ ತೋಡಿದ ಹಳ್ಳ ತನ್ನ ಅಳತೆಗೂ ಸರಿಯಾಗಿತ್ತು. ಸ್ವಿಚ್ಚಪ್ಪ ಅಭ್ಯಾಸಬಲದಿಂದ ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದ. ಅದೊಂದು ಇರಲಿ ಎಂದು ಇಡೀ ಕಟ್ಟಡ ಒಕ್ಕೊರಲಿನಿಂದ ಹೇಳಿತು.

ನಲವತ್ತನೇ ಅಂಗಿ ಮಡಿಸುತ್ತಿದ್ದ ದರ್ಜಿ ಅವನ ಹೆಗಲು ತಟ್ಟಿ ಸಮಾಧಾನ ಮಾಡಿದ. "ಒಳ್ಳೇದೇ ಆಯ್ತು ಬಿಡಿ ಸಾರ್. ಅಮ್ಮಾವ್ರು ಆಫೀಸಿಗೆ ಹೋದ್ರೆ ನಾಳೆಯಿಂದ ನಮಗೆ ಬಾಗಿಲು ತೆಗೆಯೋರು ಯಾರು ಅಂತ ಯೋಚನೆ ಹತ್ತಿತ್ತು."