ರಾಯರ ಕಾರ್ಡುಗಳೂ ರೆಡಿಮೇಡ್ ಖಾನೆಗಳೂ

ನನ್ನ ಮೈಗೆ ಸರಿಯಾಗಿ ಕೂರುವ ರೆಡಿಮೇಡ್ ರವಿಕೆ ಈ ಬೆಂಗಳೂರಿನಲ್ಲಿ ಇನ್ನೂ ತಯಾರಾಗಿಲ್ಲ. ತೋಳು ಸರಿಯಾಯಿತೆಂದರೆ ಬೆನ್ನು ಹಿಡಿಯುತ್ತದೆ, ಬೆನ್ನು ಸರಿಯಾಯಿತೆಂದರೆ ತೋಳಿನೊಳಗೆ ಇನ್ನೊಬ್ಬರಿಗೂ ಜಾಗವಿರುತ್ತದೆ. ಆದರೂ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ತೂಗುಹಾಕಿದ ರವಿಕೆ ಕಣ್ಣಿಗೆ ಬಿದ್ದರೆ ಸಾಕು, ಈ ಸಲ ಸರಿಹೋದರೂ ಹೋಗಬಹುದು ಎಂದು ಕೊಂಡುಬಿಡುತ್ತೇನೆ. ಟೈಲರ್ ಹತ್ತಿರ ಹೋದರೆ ಅಳತೆ ಕೊಡಬೇಕು, ಎರಡು ವಾರ ಕಾಯಬೇಕು. ಮೇಲಾಗಿ, "ಹೋದ್ ವರ್ಷದ ಅಳತೆ ಬೇಡ ಮೇಡಂ, ಹೊಸದಾಗೇ ತಗೋತೀನಿ" ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಆತ ಹೇಳುವುದನ್ನು ಸಹಿಸಬೇಕು. ಅಷ್ಟು ತಾಳ್ಮೆ ನನ್ನಲ್ಲಿಲ್ಲ. ಯಾವ ಕೆಲಸವಾದರೂ ಬೇಗ ಮುಗಿಯಬೇಕು, ಐದೂವರೆಗೆ ಪದ್ಮನಾಭನಗರದ ಬಸ್ಸು ಹತ್ತಬೇಕು. ಮೂವತ್ತೊಂದು ವರ್ಷದಿಂದ ನನ್ನ ಜೀವನದ ಗುರಿ ಇಷ್ಟೇ.

ಇಂಥವಳ ಕೈಗೆ ನಮ್ಮ ಆಫೀಸಿನವರು ರೆಡಿಮೇಡ್ ಡೇಟಾ ಮಾಡೆಲ್ ಒಂದನ್ನು ತಂದುಕೊಟ್ಟರು. ನಮ್ಮದು ಜಯನಗರದ ಒಂದು ಸಣ್ಣ ಫೈನಾನ್ಸ್ ಕಂಪನಿ. ಡಿಪಾಸಿಟ್ ಇಡುವವರು, ಸಾಲ ಕೇಳುವವರು ಎಲ್ಲ ಸಾರಕ್ಕಿ, ಜರಗನಹಳ್ಳಿ, ಬನಶಂಕರಿ ಕಡೆಯವರೇ. ಅವರ ವಿವರಗಳು ಅರ್ಧ ಕಂಪ್ಯೂಟರಿನಲ್ಲಿ, ಅರ್ಧ ಹಳೆಯ ರಟ್ಟಿನ ಕಾರ್ಡುಗಳಲ್ಲಿ, ಮಿಕ್ಕಿದ್ದು ನನ್ನ ತಲೆಯಲ್ಲಿ ಇದ್ದವು. ನಾನು ಇನ್ನೊಂದು ವರ್ಷಕ್ಕೆ ನಿವೃತ್ತಳಾಗುತ್ತೇನೆಂದು ನೆನಪಾದ ಕೂಡಲೇ ಮೇಲಿನವರಿಗೆ ಗಾಬರಿಯಾಯಿತು. ಹಾಗಾಗಿ ಇದನ್ನು ಕೊಂಡರು. ಏನಿದು ಎಂದು ನಾನೂ ಮೊದಲು ಬೆಪ್ಪಾಗಿದ್ದೆ. ವಿಷಯ ಸರಳ. ಹಣಕಾಸಿನ ಕಂಪನಿಗಳಿಗೆ ಏನೇನು ವಿವರ ಬೇಕಾಗುತ್ತದೋ ಅದಕ್ಕೆಲ್ಲ ಯಾರೋ ತಿಳಿದವರು ಮೊದಲೇ ಖಾನೆ ಹಾಕಿ ಇಟ್ಟಿರುತ್ತಾರೆ. ಗ್ರಾಹಕ, ಖಾತೆ, ವಿಳಾಸ, ಕುಟುಂಬ, ಯಾರಿಗೆ ಯಾರು ಏನಾಗಬೇಕು, ಎಲ್ಲಕ್ಕೂ ಖಾನೆ. ನಾವು ತುಂಬಿಸಿದರೆ ಮುಗಿಯಿತು. ಗ್ರಾಹಕರಿಗೆ ಸ್ವಂತ ಹಡಗಿದ್ದರೆ ಬರೆಯಲೂ ಅದರಲ್ಲಿ ಒಂದು ಖಾನೆಯಿತ್ತು. ಸಾರಕ್ಕಿ ಕೆರೆಯವರನ್ನು ನೆನೆದು ನಾನು ಅದನ್ನು ಖಾಲಿ ಬಿಟ್ಟೆ.

ಹೇಳಿಕೊಡಲು ಬಿಟಿಎಂ ಲೇಔಟಿನಿಂದ ಪಲ್ಲವಿ ಎಂಬಾಕೆ ಬರುತ್ತಿದ್ದಳು. ಇಂಥದೇ ಕೆಲಸವನ್ನು ಹತ್ತಾರು ಕಂಪನಿಗಳಲ್ಲಿ ಮಾಡಿ ಪಳಗಿದ, ನಲವತ್ತರ ಆಸುಪಾಸಿನ ಹೆಣ್ಣುಮಗಳು. "ಮೇಡಂ, ನಿಧಾನಕ್ಕೆ ಮಾಡೋಣ. ಒಂದೊಂದ್ ಖಾನೆಗೂ ಅರ್ಥ ಇದೆ. ನಿಮ್ ಗ್ರಾಹಕರಿಗೆ ಹೊಂದುತ್ತಾ ನೋಡ್ಕೊಂಡೇ ತುಂಬ್ಬೇಕು" ಎಂದು ಮೊದಲ ದಿನವೇ ಹೇಳಿದ್ದಳು. ನಾನು ಆಗಲಿ ಎಂದು ತಲೆಯಾಡಿಸಿ ಗಡಿಯಾರ ನೋಡಿದೆ.

ಆ ರಟ್ಟಿನ ಕಾರ್ಡುಗಳ ವಿಷಯ ಹೇಳದಿದ್ದರೆ ಈ ಕಥೆ ಮುಂದೆ ಹೋಗುವುದಿಲ್ಲ. ಅವೆಲ್ಲ ಶ್ರೀಪಾದ ರಾಯರ ಕೈಬರಹ. ನಾನು ಕೆಲಸಕ್ಕೆ ಸೇರಿದಾಗ ಅವರು ಹೆಡ್ ಕ್ಲರ್ಕ್. ನಿವೃತ್ತಿಯ ಮೇಲೂ ಬಿಡಲಾರದೆ ಹತ್ತು ವರ್ಷ ಬಂದರು. ಈಗ ಅವರಿಲ್ಲ. ಸಣ್ಣ ದೇಹ, ಬಿಳಿ ಪಂಚೆ, ಜೇಬಿನಲ್ಲಿ ಎರಡು ಪೆನ್ನು. ಬಂದವರನ್ನು ಕೂರಿಸಿ, ಊಟ ಆಯಿತೇ, ಮಗಳಿಗೆ ಹೆರಿಗೆಯಾಯಿತೇ ಎಂದೆಲ್ಲ ವಿಚಾರಿಸಿ, ಆಮೇಲೆ ಕಾರ್ಡು ತೆಗೆಯುತ್ತಿದ್ದರು. ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ! ಸಂಜೆ ನಾನು ಬ್ಯಾಗು ಏರಿಸಿಕೊಂಡು ಹೊರಟರೂ ಅವರು ನನ್ನ ಮೇಜಿನ ಪಕ್ಕದಲ್ಲೇ ಏನೋ ಕಾಗದ ತಿರುವುತ್ತ ಕೂತಿರುತ್ತಿದ್ದರು. "ಮನೇಲಿ ಕಾಯೋರಿಲ್ವಾ ರಾಯರೇ?" ಎಂದರೆ ನಕ್ಕು, "ನೀವ್ ಹೊರಡಿ ಸುಮಿತ್ರಾ, ಬಸ್ ಹೋಗ್ಬಿಡತ್ತೆ" ಎನ್ನುತ್ತಿದ್ದರು. ಆಫೀಸಿನ ಪುಕ್ಕಟೆ ಕಾಫಿಗೆ ಕೂರುತ್ತಾರೆಂದೇ ನಾನು ತಿಳಿದಿದ್ದೆ. ಅದನ್ನು ನಾಲ್ಕು ಜನರ ಹತ್ತಿರ ಹೇಳಿಯೂ ಇದ್ದೆ, ಪಾಪಿ ನಾನು.

ಎರಡು ತಿಂಗಳು ಬೇಕೆಂದು ಪಲ್ಲವಿ ಹೇಳಿದ್ದ ಕೆಲಸವನ್ನು ನಾನು ಐದು ವಾರಕ್ಕೆ ಮುಗಿಸಿದೆ. ಕಾರ್ಡು ಎತ್ತು, ಹೆಸರು ವಿಳಾಸ ಬರೆ, ಪಕ್ಕಕ್ಕಿಡು. ಒಂದೇ ವಿಳಾಸದಲ್ಲಿ ಇದ್ದವರೆಲ್ಲ ಒಂದೇ ಕುಟುಂಬ. ಒಂದೊಂದು ಕುಟುಂಬದ ಖಾತೆಗಳೆಲ್ಲ ಒಟ್ಟಾಗಿ, ಸೋಮವಾರದಿಂದ ಮನೆಯವರೆಲ್ಲರ ಫೋನಿಗೂ ಬರುವ ಏರ್ಪಾಡು. ನನಗೆ ಹೆಮ್ಮೆಯೋ ಹೆಮ್ಮೆ. ಹಳೆಯ ಕಾರ್ಡುಗಳನ್ನು ಮೂಟೆ ಕಟ್ಟಿ, ಶನಿವಾರ ರದ್ದಿಗೆ ಹೋಗಲೆಂದು ಹಿಂದಿನ ಕೋಣೆಯಲ್ಲಿ ಇಡಿಸಿದೆ.

ಗುರುವಾರ ಜರಗನಹಳ್ಳಿಯ ಮುನಿತಾಯಮ್ಮ ಬಂದರು. ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಅವರ ಹೊಲದ ಮೇಲೆ ಈಗ ಇಬ್ಬರು ಗಂಡುಮಕ್ಕಳು ಕಟ್ಟಿಸಿದ ಬಾಡಿಗೆ ಮನೆಗಳಿವೆ. ಅಜ್ಜಿ ಮಾತ್ರ ಹಳೆಯ ಬಟ್ಟೆಚೀಲ ಹಿಡಿದುಕೊಂಡು ಪ್ರತಿ ಗುರುವಾರ ಕನಕಪುರ ರಸ್ತೆಯ ಬಸ್ಸು ಹಿಡಿದು ತಾವೇ ಬರುತ್ತಾರೆ. ನನಗೆ ತೋರಿಸಿಕೊಳ್ಳುವ ಚಪಲ ತಡೆಯಲಿಲ್ಲ. ಪರದೆ ಅವರ ಕಡೆ ತಿರುಗಿಸಿ, "ನೋಡಿ ಅಜ್ಜಿ, ನಿಮ್ ಮನೆಯವ್ರದೆಲ್ಲ ಒಂದೇ ಕಡೆ. ನೀವು, ನಿಮ್ ಇಬ್ರು ಮಕ್ಳು" ಎಂದೆ.

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. "ಇದು ಹಿರೀಮಗನ್ ಫೋನ್ಗೂ ಹೋಯ್ತದಾ?"

"ಹೂಂ ಮತ್ತೆ, ಸೋಮವಾರ ಬೆಳಿಗ್ಗೇನೇ!"

ಅಜ್ಜಿ ಚೀಲವನ್ನು ಎದೆಗೆ ಅವುಚಿಕೊಂಡರು. "ಸುಮಿತ್ರಮ್ಮ, ಕೈ ಮುಗೀತೀನಿ, ಬ್ಯಾಡ. ಹೊಲ ಪಾಲಾದಾಗ ನನ್ ಮಗಳ ಕೈಲಿ ಸಯಿ ಹಾಕುಸ್ಕೊಂಡ್ರು, ಒಂದು ಸೀರೆ ಕೊಟ್ಟು ಕಳ್ಸುದ್ರು. ಅದ್ಕೇ ನನ್ ಪಾಲಿನ್ ಅಂಗ್ಡಿ ಬಾಡ್ಗೇಲಿ ಅವಳ್ಗೇಂತ ಇಕ್ತಾ ಇವ್ನಿ. ಹುಡುಗ್ರಿಗ್ ಗೊತ್ತಾದ್ರೆ ಆ ಅಂಗ್ಡೀನೂ ಕಿತ್ಕೊತಾರೆ. ರಾಯ್ರು ಕಾರ್ಡ್ ಹಿಂದ್ಗಡೆ ಬರ್ಕೊಂಡಿದ್ರಲ್ಲ, ನೀನು ಓದ್ನಿಲ್ವಾ?"

ಹಿಂದುಗಡೆ! ಎಷ್ಟೋ ಕಾರ್ಡುಗಳನ್ನು ಈ ಕೈಯಲ್ಲಿ ಎತ್ತಿಟ್ಟಿದ್ದೇನೆ, ಒಂದನ್ನೂ ತಿರುಗಿಸಿ ನೋಡಿರಲಿಲ್ಲ. ಹಿಂದಿನ ಕೋಣೆಗೆ ಓಡಿದೆ. ನನ್ನ ಮಂಡಿನೋವೂ ಆಗ ನೆನಪಾಗಲಿಲ್ಲ. ಮೂಟೆ ಬಿಚ್ಚಿ ಹುಡುಕಿದರೆ, ಅವರ ಕಾರ್ಡಿನ ಬೆನ್ನ ಮೇಲೆ ರಾಯರ ದುಂಡಗಿನ ಅಕ್ಷರ: 'ಮಗಳಿಗಾಗಿ. ಮನೆಗೆ ಕಾಗದ ಕಳಿಸಬಾರದು, ಗಂಡುಮಕ್ಕಳಿಗೆ ಹೇಳಬಾರದು. ತಾವೇ ಬರುತ್ತಾರೆ. ಬಂದಾಗ ನೀರು ಕೊಡುವುದು.'

ಅಜ್ಜಿಗೆ ನೀರು ಕೊಟ್ಟು, ಏನೂ ಹೋಗುವುದಿಲ್ಲವೆಂದು ಆಣೆ ಮಾಡಿ ಬಸ್ಸು ಹತ್ತಿಸಿ ಬಂದೆ. ಬಂದವಳೇ ಪಲ್ಲವಿಯ ಮೇಲೆ ಹಾರಾಡಿದೆ. "ಏನಮ್ಮ ನಿನ್ ರೆಡಿಮೇಡು! ಹಡಗಿಗೆ ಖಾನೆ ಇದೆ, ಒಂದು ಹೆಂಗಸಿನ ಗುಟ್ಟಿಗೆ ಖಾನೆ ಇಲ್ವಾ?"

ಪಲ್ಲವಿ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. "ಇದೆಯಲ್ಲ ಮೇಡಂ. 'ಈ ಗ್ರಾಹಕರ ವಿಷಯ ಮನೆಯವರಿಗೆ ತಿಳಿಸಬಹುದೇ?' ಅಂತ. ನೀವು ಮೂರನೇ ವಾರ ಎಲ್ಲರಿಗೂ ಒಂದೇ ಸಲ 'ಹೌದು' ಅಂತ ಒತ್ತಿದೀರಾ. ಸಂಜೆ ಐದು ಇಪ್ಪತ್ತಕ್ಕೆ."

ಅಯ್ಯೋ ರಾಮ. ಅದು ಹೊತ್ತನ್ನೂ ಬರೆದಿಟ್ಟುಕೊಳ್ಳುತ್ತದೆಂದು ನನಗೇನು ಗೊತ್ತು?

ಸೋಮವಾರದ ಸಂದೇಶಗಳನ್ನೆಲ್ಲ ನಿಲ್ಲಿಸಿ, ರದ್ದಿಯವನಿಗೆ ಬರಬೇಡವೆಂದು ಹೇಳಿ, ನಾವಿಬ್ಬರೂ ನೆಲದ ಮೇಲೆ ಕೂತು ಕಾರ್ಡುಗಳನ್ನು ಬೋರಲು ಹಾಕತೊಡಗಿದೆವು. ರಾಯರು ಮತ್ತೆ ಬಂದು ಮಗ್ಗುಲಲ್ಲಿ ಕೂತಂತಿತ್ತು. 'ಬಲಗಿವಿ ಕೇಳಿಸದು, ಎಡಗಡೆ ನಿಂತು ಮಾತಾಡಿ.' 'ಸಹಿ ಪ್ರತಿ ಸಲವೂ ಬೇರೆ, ಮನುಷ್ಯ ಅದೇ.' 'ಅಣ್ಣ ತಮ್ಮ ಒಂದೇ ಮನೆ, ಮಾತಿಲ್ಲ. ಒಂದೇ ದಿನ ಕರೆಸಬಾರದು.' ಅವರಿಬ್ಬರನ್ನು ನಾನು ಪರದೆಯ ಮೇಲೆ ಒಂದೇ ಕುಟುಂಬ ಮಾಡಿ ಇಟ್ಟಿದ್ದೆ. 'ಯಜಮಾನರು ತೀರಿಕೊಂಡಿದ್ದಾರೆ. ಅರ್ಜಿ ತುಂಬುವಾಗ ಗಂಡನ ಹೆಸರು ಕೇಳದೆ ನಾವೇ ಬರೆದುಕೊಳ್ಳುವುದು.' ಅದನ್ನು ಓದಿ ಪಲ್ಲವಿ ಕಾರ್ಡನ್ನು ಇನ್ನೊಮ್ಮೆ ತಿರುಗಿಸಿ ನೋಡಿದಳು. "ಮೇಡಂ, ಇವ್ರೂ ಒಂದು ಮಾಡೆಲ್ಲೇ ಕಟ್ಟಿದಾರೆ. ಆದ್ರೆ ಒಬ್ಬೊಬ್ರಿಗೂ ಬೇರೆ ಬೇರೆ ಖಾನೆ" ಎಂದಳು. ಅಂದು ಮುಕ್ಕಾಲು ಗಂಟೆಗೊಬ್ಬರೆಂದು ನಾನು ಸಿಡಿಮಿಡಿಗೊಳ್ಳುತ್ತಿದ್ದ ರಾಯರನ್ನು ಇನ್ನೊಮ್ಮೆ ನೋಡಬೇಕೆನಿಸಿತು.

ಕೊನೆಯ ಕಟ್ಟಿನಲ್ಲಿ ಸಿಬ್ಬಂದಿಯ ಕಾರ್ಡುಗಳಿದ್ದವು. "ಇದು ನಿಮ್ದು ಮೇಡಂ" ಎಂದು ಪಲ್ಲವಿ ಒಂದನ್ನು ಚಾಚಿದಳು. ಎರಡು ಜಡೆ ಹಾಕಿಕೊಂಡು ಕೆಲಸಕ್ಕೆ ಸೇರಿದ ನನ್ನ ಕಪ್ಪು ಬಿಳುಪು ಫೋಟೋ. ಬುದ್ಧಿ ಕಲಿತಿದ್ದೆನಲ್ಲ, ತಿರುಗಿಸಿದೆ.

'ಸುಮಿತ್ರಾ. ಚುರುಕು. ಬಾಯಿ ಜೋರು, ಮನಸ್ಸು ಒಳ್ಳೆಯದು. ಕಾಗದದ ಹಿಂಬದಿ ನೋಡುವ ಅಭ್ಯಾಸವಿಲ್ಲ. ಈಕೆ ಮನೆಗೆ ಹೋದ ಮೇಲೆ ಈಕೆಯ ಕೆಲಸವನ್ನು ದಿನವೂ ಒಮ್ಮೆ ನೋಡುವುದು. ಈಕೆಗೆ ಹೇಳಬಾರದು, ನೊಂದುಕೊಳ್ಳುತ್ತಾಳೆ.'

ನಾನು ಬಸ್ಸು ಹತ್ತಿದ ಮೇಲೂ ರಾಯರು ಪ್ರತಿ ಸಂಜೆ ನನ್ನ ಮೇಜಿನ ಪಕ್ಕ ಕೂತಿದ್ದದ್ದು ಕಾಫಿಗಲ್ಲ.

ಕಣ್ಣು ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತೆ. ಐದೂವರೆ ದಾಟಿತ್ತು. ಆ ರೆಡಿಮೇಡ್ ಮಾಡೆಲ್ಲಿನಲ್ಲಿ, ಯಾರಿಂದ ಕಂಪನಿಗೆ ಎಷ್ಟು ತೊಂದರೆಯಾದೀತೆಂದು ಬರೆಯಲು, ಪ್ರತಿಯೊಬ್ಬರ ಹೆಸರಿನ ಮುಂದೆ 'ಅಪಾಯದ ಮಟ್ಟ' ಎಂಬ ಖಾನೆಯೊಂದಿದೆ. ನನ್ನದೂ ಇಲ್ಲೊಂದು ಡಿಪಾಸಿಟ್ ಇರುವುದರಿಂದ, ನನ್ನ ಹೆಸರಿನ ಮುಂದೆ ನಾನೇ ಐದು ವಾರದ ಹಿಂದೆ 'ಕಡಿಮೆ' ಎಂದು ತುಂಬಿದ್ದೆ. ಅದನ್ನು ಅಳಿಸಿ 'ಹೆಚ್ಚು' ಎಂದು ತಿದ್ದಿದೆ. ಒತ್ತುವ ಮೊದಲು ಪಲ್ಲವಿಯನ್ನು ಕರೆದು, ಒಮ್ಮೆ ನೋಡಮ್ಮ, ಸರಿಯಾಗಿದೆಯಾ ಎಂದು ಕೇಳಿದೆ. ಸರಿಯಾಗಿದೆ ಎಂದು ಅವಳು ಸ್ವಲ್ಪವೂ ಯೋಚಿಸದೆ ಹೇಳಿಬಿಟ್ಟಳು.