ಚಿಕ್ಕಪ್ಪನ ಕ್ಯಾಮೆರಾಕ್ಕೆ ಸಿಕ್ಕ ಗೋಡೆಗಳು

ಉತ್ತರ ಬೆಂಗಳೂರಿನ ಕಾಂಪೌಂಡ್ ಗೋಡೆಗಳನ್ನು ನಮ್ಮ ಚಿಕ್ಕಪ್ಪನಷ್ಟು ಸೊಗಸಾಗಿ ಫೋಟೋ ತೆಗೆದವರು ಇನ್ನೊಬ್ಬರಿಲ್ಲ! ಗೋಡೆಯ ಬಿರುಕು, ಬಿರುಕಿನಲ್ಲಿ ಹುಟ್ಟಿದ ಅರಳಿ ಗಿಡ, 'ಇಲ್ಲಿ ಪೋಸ್ಟರ್ ಅಂಟಿಸಬಾರದು' ಎಂಬ ಬರಹ, ಅದರ ಮೇಲೇ ಅಂಟಿಸಿದ ಪೋಸ್ಟರ್, ಎಲ್ಲವೂ ಕಣ್ಣಿಗೆ ಕಟ್ಟಿದಂತಿರುತ್ತವೆ. ಆ ಗೋಡೆಯ ಮುಂದೆ ಬಣ್ಣ ಚೆಲ್ಲಿದಂತೆ ಒಂದು ಮಸುಕು ಕಾಣುತ್ತದಲ್ಲ, ಅದು ಅವರ ಒಬ್ಬಳೇ ಮಗಳು. ಓಟಗಾರ್ತಿ. ಚಿಕ್ಕಪ್ಪನಿಗೆ ಬೇಕಿದ್ದುದು ಗೋಡೆಯಲ್ಲ. ಅವಳು ಓಡುವ ಒಂದೇ ಒಂದು ಸ್ಪಷ್ಟ ಚಿತ್ರ.

ಜಾಲಹಳ್ಳಿಯ ಕಾರ್ಖಾನೆಯಲ್ಲಿ ಚಿಕ್ಕಪ್ಪ ಇನ್‌ಸ್ಪೆಕ್ಷನ್ ವಿಭಾಗದವರು. ಬೇರೆಯವರು ಮಾಡಿದ್ದನ್ನು ರಿಜೆಕ್ಟ್ ಮಾಡುವುದೇ ಇವರ ಕೆಲಸ! ಮನೆಗೆ ಬಂದ ಮೇಲೂ ಆ ಚಾಳಿ ಬಿಡುವುದುಂಟೇ? ಚಿಕ್ಕಮ್ಮ ಹತ್ತು ಚಪಾತಿ ಮಾಡಿದರೆ ಎರಡನ್ನು "ರೌಂಡ್ ಇಲ್ಲ" ಎಂದು ಬದಿಗಿಡುತ್ತಿದ್ದರು. ಒಂದು ದಿನ ಚಿಕ್ಕಮ್ಮ ಲಟ್ಟಣಿಗೆಯನ್ನೇ ಬದಿಗಿಟ್ಟು ಟಿವಿ ಮುಂದೆ ಕೂತರು. ಅಂದಿನಿಂದ ಎಲ್ಲ ಚಪಾತಿಗಳೂ ಪಾಸು.

ಕ್ಯಾಮೆರಾಕ್ಕೆ ಮಾತ್ರ ಅಂಥ ಉಪಾಯ ಗೊತ್ತಿರಲಿಲ್ಲ. ಓಡುವವರನ್ನು ಅದರ ಆಟೋಫೋಕಸ್ ತಾನೇ ಹಿಂಬಾಲಿಸಿ ಹಿಡಿಯಬೇಕು ತಾನೇ? ಸರಿ, ಮೊಣಕೈಯುದ್ದದ ಟೆಲಿ ಲೆನ್ಸ್ ಸಿಕ್ಕಿಸಿ ಭಾನುವಾರ ಬೆಳಗ್ಗೆ ಕ್ವಾರ್ಟರ್ಸ್ ಮೈದಾನದಲ್ಲಿ ಟೆಸ್ಟಿಂಗ್. ಓಡಬೇಕಾದವನು ನಾನು!

"ಲೋ, ನೇರವಾಗಿ ನನ್ ಕಡೆಗೇ ಓಡಿ ಬಾರೋ. ನಾಯಿ ಅಟ್ಟಿಸ್ಕೊಂಡ್ ಬಂದಂಗೆ ಓಡ್ಬೇಕು!"

ಆರನೆಯ ಸುತ್ತಿಗೆ ನಿಜವಾಗಿಯೂ ಒಂದು ನಾಯಿ ಸೇರಿಕೊಂಡಿತು. ಆ ಚಿತ್ರ ನೋಡಬೇಕು ನೀವು! ನನ್ನ ಹೊಟ್ಟೆಯ ಕುಣಿತ, ಮುಖದ ಮೇಲಿನ ಪ್ರಾಣಭಯ, ನಾಯಿಯ ಹಲ್ಲು, ಎಲ್ಲವೂ ಸ್ಪಷ್ಟ. ಹತ್ತಕ್ಕೆ ಹತ್ತು ಪಾಸು. ಮುಂದಿನ ವಾರ ಕಾಲೇಜಿನ ಓಟದಲ್ಲಿ ಬೇರೆಯವರ ಹೆಣ್ಣುಮಕ್ಕಳೂ ಚೆನ್ನಾಗಿಯೇ ಬಂದರು. ಅವರ ಅಪ್ಪಂದಿರು ಚಿಕ್ಕಪ್ಪನ ಕೈ ಕುಲುಕಿ ಹೋದರು. ಚಿಕ್ಕಪ್ಪನ ಮಗಳ ಸರದಿ ಬಂತು ನೋಡಿ, ಮತ್ತೆ ಗೋಡೆ!

"ಕ್ಯಾಮೆರಾ ಬಾಡಿನೇ ಸರಿ ಇಲ್ಲ ಕಣೋ. ಟೈಮಿಗೆ ಸರಿಯಾಗಿ ಕೈ ಕೊಡುತ್ತೆ," ಎಂದು ಚಿಕ್ಕಪ್ಪ ಬಾಡಿ ಬದಲಾಯಿಸಿದರು. ಗೋಡೆ ಬದಲಾಗಲಿಲ್ಲ. ಲೆನ್ಸನ್ನೂ ಬದಲಾಯಿಸಿದರು. ಗೋಡೆ ಇನ್ನಷ್ಟು ಸ್ಪಷ್ಟವಾಯಿತು.

ಸಂಜಯನಗರದ ರಿಪೇರಿ ಅಂಗಡಿಯವರು, ಪಾಪ, ರಸ್ತೆಯಲ್ಲಿ ಹೋಗುವ ಬೈಕುಗಳ ಫೋಟೋ ತೆಗೆದು ತೋರಿಸಿದರು. "ಸಾರ್, ನಂಬರ್ ಪ್ಲೇಟ್ ಓದ್ಬೋದು ನೋಡಿ. ಕ್ಯಾಮೆರಾಗೆ ಏನೂ ಆಗಿಲ್ಲ."

"ಹಂಗಾದ್ರೆ ನನ್ ಮಗಳ್ನ ಕಂಡ್ರೆ ಇದಕ್ಕೇನ್ರೀ ಕಷ್ಟ?"

ಅವರು ತಲೆ ಕೆರೆದುಕೊಂಡರು. "ಮೇಡಮ್ಮು ಒಂಚೂರು ನಿಧಾನಕ್ಕೆ ಓಡಕ್ಕಾಗಲ್ವಾ ಸಾರ್?"

ಆ ಅಂಗಡಿಯೂ ರಿಜೆಕ್ಟ್!

ಹೀಗೇ ಅವಳ ಕಾಲೇಜಿನ ಕೊನೆಯ ವರ್ಷ ಬಂತು. ಮೊಣಕಾಲಿಗೆ ಪೆಟ್ಟಾಗಿತ್ತು, ಇನ್ನೊಂದೇ ಓಟ ಮುಗಿಸಿ ನಿಲ್ಲಿಸಿಬಿಡಿ ಎಂದಿದ್ದರು ಡಾಕ್ಟರು. "ಇವತ್ತು ಬಿಟ್ರೆ ಇನ್ನಿಲ್ಲ ಕಣೋ," ಎಂದರು ಚಿಕ್ಕಪ್ಪ, ಓಟದ ದಿನ ಯಲಹಂಕದ ಮೈದಾನಕ್ಕೆ ಬಂದಿಳಿದು. ಅವರ ಮುಖ ಸಣ್ಣದಾಗಿತ್ತು. ನಾನು ಬ್ಯಾಗ್ ಹಿಡಿದು ಪಕ್ಕದಲ್ಲೇ ನಿಂತೆ. ಅದೇಕೋ ಅಂದು ಓಟ ನೋಡುವುದು ಬಿಟ್ಟು ಅವರನ್ನೇ ನೋಡಿದೆ.

ಬೇರೆ ಹುಡುಗಿಯರು ಓಡಿದಾಗ ಚಿಕ್ಕಪ್ಪ ಉಸಿರು ಬಿಗಿಹಿಡಿದು ಅಲುಗದೆ ನಿಂತಿದ್ದರು. ಮಗಳು ತಿರುವು ದಾಟಿದ್ದೇ ತಡ, ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ! ಬೆರಳು ಬಟನ್ ಒತ್ತುತ್ತಲೇ ಇದೆ, ಆದರೆ ಕಣ್ಣು ಕ್ಯಾಮೆರಾ ಬಿಟ್ಟು ಎಷ್ಟೋ ಹೊತ್ತಾಗಿದೆ, ಲೆನ್ಸು ಗೋಡೆಯ ಕಡೆ ತಿರುಗಿದೆ. "ಓಡು ಪುಟ್ಟಿ! ಓಡು ನನ್ ಕಂದಾ!" ಎಂದು ಕೂಗುತ್ತಾ, ಐವತ್ತು ದಾಟಿದ ಮನುಷ್ಯ ಎಲ್ಲರೆದುರು ಕುಪ್ಪಳಿಸುತ್ತಿದ್ದರು. ಕೆನ್ನೆಯ ಮೇಲೆ ಧಾರೆಯಾಗಿ ನೀರು. ಇಷ್ಟು ವರ್ಷವೂ ಹೀಗೇ ಮಾಡಿದ್ದಿರಬೇಕು. ಅವರಿಗೇ ಅದು ಗೊತ್ತಿರಲಿಲ್ಲ.

ಅವಳು ಮೂರನೆಯವಳಾಗಿ ಬಂದಳು. ಚಿಕ್ಕಪ್ಪ ಕಣ್ಣೊರೆಸಿಕೊಂಡು ಕ್ಯಾಮೆರಾವನ್ನು ನನ್ನ ಕೈಗಿಟ್ಟರು. ತಾವೇ ನೋಡುವ ಧೈರ್ಯ ಅವರಿಗಿರಲಿಲ್ಲ.

"ಬಂದಿದ್ಯಾ ನೋಡೋ."

ಒಂದೊಂದಾಗಿ ನೋಡಿದೆ. ಗೋಡೆ, ಗೋಡೆ, ಗೋಡೆ. ಕ್ಯಾಮೆರಾ ಆಫ್ ಮಾಡಿದೆ.

"ಇಲ್ಲ ಚಿಕ್ಕಪ್ಪ," ಎಂದೆ. "ನೀವ್ ಹೇಳಿದ್ದೇ ಸರಿ. ಕ್ಯಾಮೆರಾದ್ದೇ ತಪ್ಪು."