ಹೊರೆಗಲ್ಲಿನ ಪಾಯಿಜಾಮ

ಯುದ್ಧ ಮುಗಿಯುತ್ತಿದ್ದ ವರ್ಷ ಮದ್ದೂರು ಕಸಬೆಯಲ್ಲಿ ಬಟ್ಟೆಯಿಲ್ಲದವರು ಒಬ್ಬರೂ ಇರಲಿಲ್ಲವೆಂಬುದು ವಸ್ತ್ರ ಹತೋಟಿ ಕಚೇರಿಯ ಅಧಿಕೃತ ಅಭಿಪ್ರಾಯ. ಬಟ್ಟೆಯಿಲ್ಲದವರು ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಹೊರಗೆ ಬಾರದವರನ್ನು ಕಚೇರಿ ಕಂಡಿರಲಿಲ್ಲ. ಕಚೇರಿ ಕಾಣದ್ದನ್ನು ಇದೆ ಎನ್ನುವುದು ಯುದ್ಧಕಾಲದಲ್ಲಿ ಅಪರಾಧವಾಗಿತ್ತು.

ಈ ಅಭಿಪ್ರಾಯವನ್ನು ಬಾಯಿ ಬಿಟ್ಟು ಅಲ್ಲಗಳೆಯುತ್ತಿದ್ದವರು ಗೋದಮ್ಮ ಒಬ್ಬರೇ. ಮೈಸೂರಿನಲ್ಲಿದ್ದು ಬಿ.ಎ. ಪಾಸು ಮಾಡಿದವರು, ಇಬ್ಬರು ಸೊಸೆಯರನ್ನೂ ಒಂದು ದೊಡ್ಡ ಮನೆಯನ್ನೂ ಆಳುತ್ತಿದ್ದವರು. ಸರ್ಕಾರಕ್ಕೆ ಬುದ್ಧಿಯಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೆ ಶುದ್ಧ ಕನ್ನಡದಲ್ಲಿ ಬರೆದು ತಿಳಿಸಿದರೆ ಅದಕ್ಕೆ ಬುದ್ಧಿ ಬರುತ್ತದೆಂದೂ ನಂಬಿದ್ದರು. ಓದಿದವರಲ್ಲಿ ಈ ಕಾಯಿಲೆ ಸಾಮಾನ್ಯ.

ಮಧ್ಯಾಹ್ನದ ಹೊತ್ತು ಅವರ ಮನೆಯ ಜಗಲಿಯ ಮೇಲೆ ಮೂವರು ಗೆಳತಿಯರು ಸೇರಿ ಕೌದಿ ಹೊಲಿಯುತ್ತಿದ್ದರು. ಎರಡನೆಯವರು ದರ್ಜಿ ಬಾಬು ಜಾನರ ಹೆಂಡತಿ ಸುಲ್ತಾನ್ ಬೀ. ಚಿಂದಿಯೆಲ್ಲ ಬರುತ್ತಿದ್ದದ್ದು ಅವರ ಮನೆಯಿಂದ. ಮೂರನೆಯವಳು ಆತಗೂರು ಕಡೆಯಿಂದ ತಲೆಯ ಮೇಲೆ ಮೊಸರು ಹೊತ್ತು ಬರುವ ಮುದ್ದಮ್ಮ. ಮಾತೆಲ್ಲ ಬರುತ್ತಿದ್ದದ್ದು ಅವಳ ಬಾಯಿಂದ.

ಆ ವರ್ಷ ಮೂವರಿಗೂ ಇದ್ದದ್ದು ಒಂದೇ ಚಿಂತೆ. ಸುಲ್ತಾನ್ ಬೀಯ ಮಗಳು ಶಮೀಮ್ ಬಾನುವಿಗೆ ಮಳವಳ್ಳಿಯ ಗಂಡು ಗೊತ್ತಾಗಿತ್ತು. ರಂಜಾನ್ ಹಿಡಿಯುವುದರೊಳಗೆ ನಿಕಾ ಆಗಬೇಕು, ತಪ್ಪಿದರೆ ಬೇರೆ ಹೆಣ್ಣು ನೋಡುತ್ತೇವೆ ಎಂದು ಅವರು ಹೇಳಿ ಕಳಿಸಿದ್ದರು. ಮದುವೆಯ ಬಟ್ಟೆಗೆ ಹತೋಟಿ ಕಚೇರಿಯ ರಹದಾರಿ ಬೇಕು. ರಹದಾರಿಗೆ ಹಾಕಿದ ಅರ್ಜಿ ಎರಡು ಸಲ ಹಿಂದಕ್ಕೆ ಬಂದಿತ್ತು. ಊರಿಗೆಲ್ಲ ಹೊಲಿಯುವ ದರ್ಜಿಯ ಮಗಳು ತೇಪೆ ಹಾಕಿದ ದಾವಣಿಯಲ್ಲಿ ಕೂತು ಮೂರನೆಯ ಅರ್ಜಿಯ ದಾರಿ ಕಾಯುತ್ತಿದ್ದಳು.

ಹೀಗೆ ಕಾಯುವಾಗ ಕೈ ಸುಮ್ಮನಿರಬೇಕಲ್ಲ. ಶಿಂಷಾ ಸೇತುವೆಯ ಹತ್ತಿರ ಒಂದು ಹೊರೆಗಲ್ಲಿದೆ: ಎರಡು ಕಂಬ, ಮೇಲೊಂದು ಅಡ್ಡಗಲ್ಲು. ತಲೆಹೊರೆಯವರು ಯಾರ ಹಂಗೂ ಇಲ್ಲದೆ ಹೊರೆ ಇಳಿಸಿ ದಣಿವಾರಿಸಿಕೊಳ್ಳಲಿ ಎಂದು ಯಾರೋ ಪುಣ್ಯಾತ್ಮರು ನಿಲ್ಲಿಸಿದ್ದು. ಚೈತ್ರದ ಬಿಸಿಲಿಗೆ ಅದು ಕಾದು, ಮುದ್ದಮ್ಮ ಮೊಣಕೈ ಸುಟ್ಟುಕೊಂಡಳು.

"ಅದಕ್ಕೊಂದು ಬಟ್ಟೆ ಹೊಲಿದುಬಿಡೋಣ" ಎಂದರು ಸುಲ್ತಾನ್ ಬೀ. "ಎರಡು ಕಾಲು, ಒಂದು ಸೊಂಟ. ಪಾಯಿಜಾಮಾನೇ ಸರಿ."

"ಲಾಡಿ ಎಲ್ಲಿಗ್ ಕಟ್ಟೀಯೆ ಬೀಬಮ್ಮ?" ಎಂದಳು ಮುದ್ದಮ್ಮ.

"ಕಲ್ಲೇನು ಓಡಿ ಹೋಗುತ್ತಾ? ಲಾಡಿ ಯಾಕೆ?"

"ಓಡೋರ್ದು ಜಾರಕಿಲ್ಲ ಕಣಮ್ಮ. ಸುಮ್ಕೆ ನಿಂತಿರ್ತಾರಲ್ಲ, ಅವರ್ದೇ ಜಾರೋದು."

ಲಾಡಿಯೂ ಆಯಿತು. ಕೆಂಪು, ಹಸಿರು, ಖಾಕಿ ತುಂಡುಗಳ ಪಾಯಿಜಾಮವನ್ನು ಮೂವರೂ ಹಗಲಲ್ಲೇ ಹೋಗಿ ಕಲ್ಲಿಗೆ ತೊಡಿಸಿ ಬಂದರು. ಗೋದಮ್ಮ ಅಡ್ಡಗಲ್ಲಿನ ಮೇಲೆ ಸುಣ್ಣದಲ್ಲಿ ಎರಡು ಕಣ್ಣು, ಕೆಮ್ಮಣ್ಣಿನಲ್ಲಿ ಹುರಿಮೀಸೆ ಬರೆದು, ಬುಡಕ್ಕೆ ಸುತ್ತ ರಂಗೋಲಿ ಎಳೆದರು. ಮೈಸೂರಿನಿಂದ ಬರುತ್ತಿದ್ದ ಪೆಟ್ರೋಲಿಗೆ ಬದಲು ಇದ್ದಿಲಿನಲ್ಲಿ ಓಡುವ ಬಸ್ಸು ನಿಂತಿತು. ಪ್ರಯಾಣಿಕರೆಲ್ಲ ಇಳಿದು ನೋಡಿ ನಕ್ಕರು. ಸರ್ಕಾರದ ಅನುಮತಿಯಿಲ್ಲದೆ ಇಷ್ಟು ಜನ ಒಟ್ಟಿಗೆ ನಕ್ಕಿದ್ದು ಆ ವರ್ಷ ಅದೇ ಮೊದಲು.

ಮಾರನೆಯ ದಿನ ಕಚೇರಿಯ ಜವಾನ ಚಿಕ್ಕಮಾದು ಕಲ್ಲಿನ ಸೊಂಟಕ್ಕೆ ಒಂದು ನೋಟೀಸು ಅಂಟಿಸಿದ. "ಸದರಿ ಕಲ್ಲಿಗೆ ರಹದಾರಿಯಿಲ್ಲದ ಬಟ್ಟೆ ತೊಡಿಸಿದವರು ಯಾರೇ ಆಗಿರಲಿ, ಕೂಡಲೇ ಹಾಜರಾಗಿ ಸಮಜಾಯಿಷಿ ಕೊಡತಕ್ಕದ್ದು."

ತೊಡಿಸಿದವರು ಯಾರೆಂದು ಊರಿಗೆಲ್ಲ ಗೊತ್ತಿದ್ದದ್ದರಿಂದ ಕಚೇರಿಗೆ ಗೊತ್ತಿರಲಿಲ್ಲ. ಗೋದಮ್ಮನಿಗೆ ಇದು ಒಳ್ಳೆಯ ಅವಕಾಶವಾಗಿ ಕಂಡಿತು. ಕೂತು ಉತ್ತರ ಬರೆದರು: "ಬಟ್ಟೆಗೆ ತೊಟ್ಟವರು ಜವಾಬ್ದಾರರೇ ಹೊರತು ತೊಡಿಸಿದವರಲ್ಲ. ಈ ಪಾಯಿಜಾಮವನ್ನು ಸದರಿ ಕಲ್ಲಿನ ಅಳತೆಗೇ ಹೊಲಿಯಲಾಗಿದ್ದು, ಬೇರಾರಿಗೂ ಆಗುವಂತಿಲ್ಲ. ಆದಕಾರಣ ಕಚೇರಿಯವರು ಕಲ್ಲನ್ನೇ ವಿಚಾರಿಸಿಕೊಳ್ಳಬಹುದಾಗಿದೆ." ಕಳಿಸುವ ಮೊದಲು ಜಗಲಿಯ ಮೇಲೆ ಗಟ್ಟಿಯಾಗಿ ಓದಿದರು. ಸುಲ್ತಾನ್ ಬೀ ನಕ್ಕು ಸೂಜಿ ಚುಚ್ಚಿಕೊಂಡರು. ಮುದ್ದಮ್ಮ ಮಾತ್ರ, "ಬ್ಯಾಡ ಕಣಮ್ಮ, ಆ ನನ್ಮಕ್ಳಿಗೆ ತಮಾಸೆ ಅರ್ಥಾಗಕಿಲ್ಲ" ಎಂದಳು. ಓದು ಬಾರದವಳ ಮಾತೆಂದು ಗೋದಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ವಸ್ತ್ರ ಹತೋಟಿ ಅಧಿಕಾರಿ ಯೋಗಾನರಸಿಂಹ ಆ ಕಾಗದ ಓದಿ ಗೌರವದಿಂದ ಎದ್ದು ನಿಂತರಂತೆ. ಅಷ್ಟು ಕ್ರಮಬದ್ಧವಾದ ಸಮಜಾಯಿಷಿ ಆ ಕಚೇರಿಗೆ ಹಿಂದೆಂದೂ ಬಂದಿರಲಿಲ್ಲ. ಅಂದೇ ಸೇತುವೆಯ ಬಳಿಗೆ ಹೋಗಿ ಕಲ್ಲನ್ನು ವಿಚಾರಿಸಿದರು. ಚಿಕ್ಕಮಾದು ಮೂರು ಸಲ ಕೂಗಿದರೂ ಕಲ್ಲು ಯಾವ ಆಕ್ಷೇಪಣೆಯನ್ನೂ ಎತ್ತಲಿಲ್ಲವಾದ್ದರಿಂದ, ಬಟ್ಟೆ ತನ್ನದೆಂದು ಅದು ಒಪ್ಪಿದಂತಾಯಿತು. ಬಟ್ಟೆ ತೊಡುವವರೆಲ್ಲರಿಗೂ ರೇಷನ್ ಕಾರ್ಡು ಇರತಕ್ಕದ್ದೆಂಬುದು ಕಾನೂನು. ಕಲ್ಲಿಗೆ ಕಾರ್ಡಾಯಿತು. ಹೆಸರು, ಹೊರೆಗಲ್ಲು. ತಂದೆ, ಬಂಡೆ. ಮೀಸೆಯ ಆಧಾರದ ಮೇಲೆ, ಗಂಡಸು. ವೃತ್ತಿ, ನಿಂತಿರುವುದು.

ಕಾರ್ಡುದಾರರು ಖುದ್ದಾಗಿ ಅಂಗಡಿಗೆ ಬರಲು ಅಶಕ್ತರಾಗಿದ್ದ ಕಾರಣ ಯೋಗಾನರಸಿಂಹರೇ ಅವರ ಪೋಷಕರಾದರು. ಪರವಾನಗಿ ಪಡೆದ ಬಟ್ಟೆ ವರ್ತಕ ಹೊನ್ನಯ್ಯ ಕಲ್ಲಿನ ಪಾಲಿನ ಮಲ್ಲು ಬಟ್ಟೆಯನ್ನು ಪ್ರತಿ ತಿಂಗಳೂ ಅವರ ಮನೆಗೆ ಕಳಿಸುತ್ತಿದ್ದ. ಒಗೆದರೆ ಕುಗ್ಗಬಹುದೆಂದು ಅಂದಾಜು ಮಾಡಿ ಆ ಕುಗ್ಗುವ ಭಾಗವನ್ನು ಮೊದಲೇ ತನ್ನಲ್ಲಿ ಇಟ್ಟುಕೊಳ್ಳುತ್ತಿದ್ದ. ಅಧಿಕಾರಿಗಳೂ ಅಷ್ಟೇ ಜಾಗರೂಕರು. ಕಲ್ಲಿಗೆ ದೊಗಲೆಯಾದೀತೆಂದು ಹೊಸ ಅಂಗಿಯನ್ನು ಮೊದಲು ತಾವೇ ತೊಟ್ಟು ನೋಡುತ್ತಿದ್ದರು.

ಇಂಥ ಸತ್ಕಾರ್ಯ ಒಂದೇ ಕಲ್ಲಿಗೆ ನಿಲ್ಲುವುದು ನ್ಯಾಯವಲ್ಲ. ಮಂಡ್ಯದ ಮೇಲಧಿಕಾರಿಗಳು ಮೆಚ್ಚಿ ಸುತ್ತೋಲೆ ಹೊರಡಿಸಿದರು. ಮಳವಳ್ಳಿ ರಸ್ತೆಯ ಮೈಲಿಗಲ್ಲುಗಳಿಗೆಲ್ಲ ಒಂದೇ ವಾರದಲ್ಲಿ ಕಾರ್ಡಾಯಿತು. ಅವಕ್ಕೆ ಮೊದಲೇ ನಂಬರು ಇದ್ದದ್ದರಿಂದ ಕಚೇರಿಗೆ ಹೆಚ್ಚಿನ ಶ್ರಮವಾಗಲಿಲ್ಲ. ಬೆಂಗಳೂರು ರಸ್ತೆಯವು ನಮಗೇಕಿಲ್ಲ ಎಂದು ಕೇಳುವ ಮೊದಲೇ ಅವಕ್ಕೂ ಕೊಟ್ಟರು. ಊರೂರಲ್ಲಿ ತಮಟೆ ಹೊಡೆಸಿದರು: "ಕಲ್ಲು ಕಲ್ಲಿನಲ್ಲಿ ಭೇದ ಎಣಿಸತಕ್ಕದ್ದಲ್ಲ! ಒಗೆಯುವ ಕಲ್ಲು, ರುಬ್ಬುವ ಕಲ್ಲುಗಳು ಮಾತ್ರ ಮನೆಯವರ ಆಶ್ರಿತವಾದ್ದರಿಂದ ಅರ್ಜಿ ಹಾಕತಕ್ಕದ್ದಲ್ಲ!"

ಶಮೀಮ್ ಬಾನುವಿನ ಮೂರನೆಯ ಅರ್ಜಿ ಹಿಂದಕ್ಕೆ ಬಂತು. ರಂಜಾನಿಗೆ ಇನ್ನು ತಿಂಗಳೂ ಉಳಿದಿರಲಿಲ್ಲ. ಗೋದಮ್ಮ ಕೊಡೆ ಹಿಡಿದು ಕಚೇರಿಗೆ ಹೋದರು. ತಾವು ಬರೆದ ಕಾಗದ ಕಟ್ಟು ಹಾಕಿಸಿಕೊಂಡು ಮಹಾರಾಜರ ಪಟದ ಕೆಳಗೆ ನೇತಾಡುತ್ತಿದ್ದುದನ್ನು ಅಲ್ಲಿ ಕಂಡರು.

"ಹುಡುಗಿಗೆ ಯಾಕೆ ಬಟ್ಟೆಯಿಲ್ಲ?" ಎಂದು ಕೇಳಿದರು.

"ಮನುಷ್ಯರ ಪಾಲು ಮುಗಿದಿದೆ ತಾಯಿ" ಎಂದರು ಯೋಗಾನರಸಿಂಹ. "ಈಗ ಕಾಯಂ ನಿವಾಸಿಗಳಿಗೆ ಆದ್ಯತೆ. ಈ ಹುಡುಗಿ ಮಳವಳ್ಳಿಗೆ ಹೊರಟವಳು. ಕಲ್ಲುಗಳಾದರೆ ಎಲ್ಲಿಗೂ ಹೋಗುವುದಿಲ್ಲ."

"ಕಲ್ಲಿಗೆ ಮಾನ ಇದೆಯೇ, ಸ್ವಾಮಿ?"

"ಫಾರಂನಲ್ಲಿ ಆ ಪ್ರಶ್ನೆ ಇಲ್ಲ."

"ನೋಡಿ, ಆ ಕಾಗದ ನಾನು ನಿಮ್ಮನ್ನು ಗೇಲಿ ಮಾಡಿ ಬರೆದದ್ದು!"

ಯೋಗಾನರಸಿಂಹರ ಮುಖ ಚಿಕ್ಕದಾಯಿತು. "ಹಾಗನ್ನಬೇಡಿ. ಅದನ್ನು ಮಂಡ್ಯದಲ್ಲಿ ಏಳು ಜನ ಅಧಿಕಾರಿಗಳು ಓದಿದ್ದಾರೆ. ಒಬ್ಬರೂ ನಗಲಿಲ್ಲ."

ಗೋದಮ್ಮ ಕೊಡೆಯನ್ನು ಮೇಜಿಗೆ ಒರಗಿಸಿ ಬೆಂಚಿನ ಮೇಲೆ ಕೂತುಬಿಟ್ಟರು. ಅವರ ಸಂಕಟ ನೋಡಲಾರದೆ ಅಧಿಕಾರಿಗಳೇ ದಾರಿ ತೋರಿಸಿದರು. ಕಲ್ಲುಗಳ ಪಾಲು ಬೇರೆ ಲೆಕ್ಕ. ಅದರಲ್ಲಿ ಮದುವೆಯ ವಿಶೇಷ ಬಟ್ಟೆಯನ್ನು ಇನ್ನೂ ಯಾರೂ ಮುಟ್ಟಿಲ್ಲ. ಹೊರೆಗಲ್ಲಿಗೆ ಒಬ್ಬ ಸಾಕುಮಗಳಿದ್ದು, ಅವಳಿಗೆ ಮದುವೆ ಗೊತ್ತಾಗಿದ್ದರೆ ಒಂದೇ ದಿನದಲ್ಲಿ ರಹದಾರಿ. ಅರ್ಜಿ ಮಾತ್ರ ಒಳ್ಳೆಯ ಕನ್ನಡದಲ್ಲಿರಬೇಕು.

ಜಗಲಿಯ ಮೇಲೆ ಈ ಸುದ್ದಿ ಹೇಳಲು ಗೋದಮ್ಮ ಬಹಳ ಹೊತ್ತು ತೆಗೆದುಕೊಂಡರು. ಸುಲ್ತಾನ್ ಬೀ ಕೇಳಿ ಮುಗಿಸಿ, "ಅಕ್ಕಾ, ಆ ಕಲ್ಲು ನನ್ನ ಮಗಳಿಗೆ ಅಪ್ಪ ಆದ್ರೆ ನನಗೇನಾಗಬೇಕು?" ಎಂದರು.

"ಸುಮ್ಕೆ ಊಂ ಅನ್ನು" ಎಂದಳು ಮುದ್ದಮ್ಮ. "ನನ್ ಗಂಡ ಹುಟ್ದಾಗ್ಲಿಂದ ಕಲ್ಲೇ. ಒಂದ್ ತುಂಡು ಬಟ್ಟೆ ಕಂಡಿಲ್ಲ ನಾನು. ನಿಂದಾರ ಕೊಡ್ತದೆ."

ಬಾಬು ಜಾನರು ತಕರಾರಿಲ್ಲವೆಂದು ಬರೆದುಕೊಡಬೇಕಾಗಿತ್ತು. ಅವರು ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳಿದರು: "ಇಷ್ಟು ವರ್ಷ ಸಾಕಿದೆ, ಒಂದು ಜೊತೆ ಬಟ್ಟೆ ತರಲಾರೆ. ಆ ಕಲ್ಲು ನಿಂತ ಜಾಗದಲ್ಲೇ ತರಿಸುತ್ತೆ. ಎಲ್ಲಿ ಸಹಿ ಹಾಕಬೇಕು, ತೋರಿಸಿ." ಸಹಿ ಹಾಕಿ, ಯಂತ್ರಕ್ಕೆ ಮುಸುಕು ಹಾಕಿ ಎದ್ದು ಹೋದರು. ಚಿಕ್ಕಮಾದು ಕಲ್ಲಿಗೆ ಮಸಿ ಬಳಿದು, ಕಾಗದ ಒತ್ತಿ ಅದರ ಹೆಬ್ಬೆಟ್ಟಿನ ಗುರುತನ್ನೂ ತಂದ. ಅರ್ಜಿಯನ್ನು ಗೋದಮ್ಮ ಬರೆದರು. ಒಂದೂ ಕಾಗುಣಿತದ ತಪ್ಪಿರಲಿಲ್ಲ.

ಬಟ್ಟೆ ಬಂತು. ಕುಗ್ಗುವ ಭಾಗವನ್ನೂ ಹಿಡಿದುಕೊಳ್ಳದೆ ಹೊನ್ನಯ್ಯ ಪೂರ್ತಿ ಕೊಟ್ಟ. ಕಲ್ಲಿನ ಮನೆಯ ಮೊದಲ ಶುಭಕಾರ್ಯ ಎಂದ. ಬಾಬು ಜಾನರು ಎರಡು ರಾತ್ರಿ ಕೂತು ಹೊಲಿದರು. ರಂಜಾನಿಗೆ ನಾಲ್ಕು ದಿನ ಮೊದಲು ನಿಕಾ ನಡೆಯಿತು. ಹಸಿರು ರೇಶಿಮೆಯಲ್ಲಿ ಕೂತ ಶಮೀಮ್ ಬಾನುವನ್ನು ನೋಡಿ ಮುದ್ದಮ್ಮ ದೃಷ್ಟಿ ತೆಗೆದಳು. ಗೋದಮ್ಮನಿಗೆ ಒಂದೇ ಅಂಜಿಕೆ: ಗಂಡಿನ ಕಡೆಯವರಿಗೆ ಈ ಸಾಕುತಂದೆಯ ವಿಷಯ ತಿಳಿದರೆ?

ಅವರಿಗೆ ಮೊದಲೇ ತಿಳಿದಿತ್ತು. ಸಂಬಂಧ ಗಟ್ಟಿಯಾದದ್ದೇ ಅದರಿಂದ. ವರನ ತಾಯಿ ಜಾನ್ ಬೀ ಹೆಂಗಸರ ನಡುವೆ ಕೂತು, ತಮ್ಮ ಮಗನ ಶೇರವಾನಿಯ ಅಂಚನ್ನು ಎಲ್ಲರಿಗೂ ಮುಟ್ಟಿಸಿ ತೋರಿಸುತ್ತಿದ್ದರು.

"ನಮ್ಮ ಹುಡುಗ ಮಳವಳ್ಳಿ ರಸ್ತೆಯ ಏಳನೇ ಮೈಲಿ ಕಲ್ಲಿನ ಮಗ" ಎಂದರು. "ನಮ್ಮ ಓರಗಿತ್ತಿ ಮಗನಿಗೆ ಹನ್ನೊಂದನೇ ಮೈಲಿ ಸಿಕ್ಕಿತು. ಹನ್ನೊಂದು ಎಲ್ಲಿ, ಏಳು ಎಲ್ಲಿ!"

"ನಮ್ಮದು ಊರೊಳಗಿನ ಕಲ್ಲು" ಎಂದರು ಸುಲ್ತಾನ್ ಬೀ, ಸೆರಗು ಸರಿಮಾಡಿಕೊಂಡು. "ಸೇತುವೆಯ ಪಕ್ಕ. ಬಸ್ಸೆಲ್ಲ ಅಲ್ಲೇ ನಿಲ್ಲೋದು."

ಜಾನ್ ಬೀ ಒಪ್ಪಿಗೆಯಿಂದ ತಲೆದೂಗಿದರು. ಆಮೇಲೆ ಪಕ್ಕದಲ್ಲಿ ಕೂತಿದ್ದ ಗೋದಮ್ಮನ ಕಡೆ ತಿರುಗಿ, ಅವರ ಸೀರೆಯಂಚಿನ ತೇಪೆಯನ್ನು ನೋಡಿಯೂ ನೋಡದ ಹಾಗೆ ಮರ್ಯಾದೆಯಿಂದ ಕೇಳಿದರು.

"ತಾವು ಯಾವ ಕಲ್ಲಿನವರಮ್ಮ?"

ಗೋದಮ್ಮ ಸೆರಗಿನಿಂದ ತೇಪೆ ಮುಚ್ಚಿಕೊಂಡರು. ಸುತ್ತಲಿನ ಹೆಂಗಸರೆಲ್ಲ ಉತ್ತರಕ್ಕೆ ಕಾದಿದ್ದರು.

"ನಮ್ಮದು ಇನ್ನೂ ಆಗಿಲ್ಲ" ಎಂದರು. "ಅರ್ಜಿ ಹೋಗಿದೆ."

"ಆಗುತ್ತೆ ಬಿಡಿ" ಎಂದು ಜಾನ್ ಬೀ ಅವರ ಕೈ ತಟ್ಟಿ ಸಮಾಧಾನ ಹೇಳಿದರು. "ಓದಿದವರಿಗೆ ಬೇಗ ಆಗುತ್ತೆ."